ರಾಟೆ, ಒನಕೆ, ಕರಸ್ಥಲ: ಶರಣೆಯ ದಿನಚರಿಯಲ್ಲಿ ಸಮಾನತೆ

ಶಿವಶರಣೆಯರೆಂದೊಡನೆ ನಮ್ಮ ಮನಸ್ಸು ಮೊದಲು ಉಡುತಡಿಯ ಅಕ್ಕಮಹಾದೇವಿಯತ್ತ ಹರಿಯುವುದು ಸಹಜವೇ ಆಗಿದೆ. ಅನುಭಾವದ ಎತ್ತರದಲ್ಲಿಯೂ ಮಾತಿನ ಸೊಬಗಿನಲ್ಲಿಯೂ ಆಕೆಗೆ ಆಕೆಯೇ ಸಾಟಿ. ಆದರೆ ಅಕ್ಕನದು ಮನೆಯನ್ನು ಬಿಟ್ಟು ಹೊರಟ ದಾರಿ. ಆ ದಾರಿಯನ್ನು ಹಿಡಿಯಬಲ್ಲವರು ಯಾವ ಕಾಲದಲ್ಲಿಯೂ ವಿರಳ. ಮನೆಯಲ್ಲಿಯೇ ಇದ್ದು, ಒಲೆ ಹೊತ್ತಿಸಿ, ನೂಲು ತೆಗೆದು, ಬತ್ತ ಕುಟ್ಟಿ, ಅಂಗಳ ಗುಡಿಸಿ, ಆ ಕೆಲಸಗಳ ನಡುವೆಯೇ ಲಿಂಗಾಂಗ ಸಾಮರಸ್ಯವನ್ನು ಅರಸಿದ ಶರಣೆಯರೇ ಹೆಚ್ಚಿನವರು. ಮೂವತ್ತಕ್ಕೂ ಮಿಕ್ಕ ವಚನಕಾರ್ತಿಯರ ವಚನಗಳು ನಮಗೆ ದೊರೆತಿವೆ. 1993ರಲ್ಲಿ ಹೊರಬಂದ ಸಮಗ್ರ ವಚನ ಸಂಪುಟಗಳ ಪೈಕಿ ಡಾ. ವೀರಣ್ಣ ರಾಜೂರರು ಸಂಪಾದಿಸಿದ ಐದನೆಯದು ಸಂಪೂರ್ಣವಾಗಿ ಶಿವಶರಣೆಯರಿಗೇ ಮೀಸಲಾಗಿದೆ. ಅದನ್ನು ತೆರೆದು ನೋಡಿದರೆ ಕೆಲವರ ಹೆಸರಿನ ಜೊತೆಯಲ್ಲಿ ಅವರ ಕಾಯಕವೇ ಅಂಟಿಕೊಂಡು ಬಂದಿರುವುದು ಕಾಣುತ್ತದೆ: ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ, ಆಯ್ದಕ್ಕಿ ಲಕ್ಕಮ್ಮ. ಇವರಲ್ಲಿ ಹಲವರ ಪಾಲಿಗೆ ಉಳಿದಿರುವುದು ಬೆರಳೆಣಿಕೆಯ ವಚನಗಳು ಮಾತ್ರ.

ಹನ್ನೆರಡನೆಯ ಶತಮಾನದಲ್ಲಿ ಸಂಸಾರಕ್ಕೆ ಕಾಲಿಟ್ಟ ಒಬ್ಬ ಸಾಮಾನ್ಯ ತರುಣಿಯ ದಿನಚರಿಯಲ್ಲಿ ಶರಣಧರ್ಮವು ಏನನ್ನು ಬದಲಿಸಿತು? ಈ ಪ್ರಶ್ನೆಯನ್ನು ಕೆಲಮಟ್ಟಿಗೆ ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಆಕರಗಳ ವಿಷಯವಾಗಿ ಒಂದು ಎಚ್ಚರಿಕೆ ಅವಶ್ಯಕ. ವಚನಗಳು ನಮಗೆ ಬಂದಿರುವುದು ಶರಣರ ಕಾಲದ ಓಲೆಗಳಿಂದಲ್ಲ, ಹದಿನೈದನೆಯ ಶತಮಾನದಿಂದೀಚೆಗೆ ನಡೆದ ಸಂಕಲನಕಾರ್ಯದ ಮೂಲಕ. ಶರಣೆಯರ ಜೀವನಕಥೆಗಳನ್ನು ಹೇಳುವ ಪುರಾಣಗಳಲ್ಲಿ ಬಹುಪಾಲು ಇನ್ನೂ ಈಚಿನವು. ಆದುದರಿಂದ ಪವಾಡಗಳಿಗಿಂತ ವಚನದೊಳಗೆ ಸಹಜವಾಗಿ ಬಂದುಹೋಗುವ ದೃಷ್ಟಾಂತಗಳೇ ಇತಿಹಾಸಕಾರನಿಗೆ ಹೆಚ್ಚು ನೆಚ್ಚಿನ ಸಾಕ್ಷಿಗಳು. ಕೇಳುವವರಿಗೆ ಪರಿಚಿತವಲ್ಲದ ವಸ್ತುವನ್ನು ಯಾರೂ ಹೋಲಿಕೆಯಾಗಿ ಬಳಸುವುದಿಲ್ಲವಷ್ಟೆ.

ರಾಟೆ

ಕದಿರ ರೆಮ್ಮವ್ವೆಯದು ನೂಲುವ ಕಾಯಕ. ಹೊಲದಿಂದ ಬಂದ ಹತ್ತಿ ನೂಲಾಗುವುದಕ್ಕೆ ಮುನ್ನ ಅನೇಕ ಕೈಗಳನ್ನು ದಾಟಬೇಕು. ಬೀಜ ಬಿಡಿಸಬೇಕು, ಅರಳೆಯನ್ನು ಹಿಂಜಬೇಕು, ಹಂಜಿ ಮಾಡಿಕೊಳ್ಳಬೇಕು. ಆ ಬಳಿಕ ಎಡಗೈಯಲ್ಲಿ ಹಂಜಿಯನ್ನು ಹಿಡಿದು, ಬಲಗೈಯಿಂದ ರಾಟೆಯನ್ನು ತಿರುಗಿಸುತ್ತ, ಎಳೆ ಕಡಿಯದಂತೆಯೂ ದಪ್ಪವಾಗದಂತೆಯೂ ಸಮವಾಗಿ ಎಳೆಯಬೇಕು. ಒಬ್ಬ ನೇಕಾರನ ಮಗ್ಗಕ್ಕೆ ನೂಲು ಸಾಲದೆ ಹೋಗದಿರಬೇಕಾದರೆ ಹಲವು ಮಂದಿ ನೂಲುವವರು ದುಡಿಯಬೇಕಾಗುತ್ತಿತ್ತು. ಬಟ್ಟೆ ನೇಕಾರನ ಹೆಸರಿನಲ್ಲಿ ಪೇಟೆಗೆ ಹೋಗುವುದು. ನೂತವಳ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ಇಂಥ ಹೆಸರಿಲ್ಲದ ಕೆಲಸದೊಳಗಿನಿಂದ ಒಂದು ಹೆಸರು ಎದ್ದುಬಂದಿರುವುದೇ ರೆಮ್ಮವ್ವೆಯ ವಚನಗಳ ಮೊದಲನೆಯ ವಿಶೇಷ.

ಆಕೆಯ ಒಂದು ವಚನದಲ್ಲಿ ರಾಟೆಯ ಅಂಗಾಂಗಗಳ ವರ್ಣನೆಯೇ ಇದೆ. ತಾನು ತಿರುಗಿಸುವ ರಾಟೆಯ ಕುಲಜಾತಿಯನ್ನು ಕೇಳಿರೆಂದು ಆಕೆ ಜನರನ್ನು ಕರೆಯುತ್ತಾಳೆ. ಅಡಿಯ ಹಲಗೆಯನ್ನು ಬ್ರಹ್ಮನೆಂದೂ, ತೋರಣವನ್ನು ವಿಷ್ಣುವೆಂದೂ, ನಿಂತ ಬೊಂಬೆಯನ್ನು ಮಹಾರುದ್ರನೆಂದೂ ಹೇಳಿ, ಅರಿವನ್ನು ಕದಿರನ್ನಾಗಿಯೂ ಭಕ್ತಿಯನ್ನು ತಿರುಗಿಸುವ ಕೈಯನ್ನಾಗಿಯೂ ಮಾಡುತ್ತಾಳೆ. ಕುಲವನ್ನು ಕೇಳುವ ಲೋಕಕ್ಕೆ ತನ್ನ ಉಪಕರಣದ ಕುಲವನ್ನು ಹೇಳುವ ಈ ಜಾಣ್ಮೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು. ತತ್ತ್ವವನ್ನು ಕ್ಷಣಕಾಲ ಬದಿಗಿಟ್ಟು ನೋಡಿದರೆ ಇದು ಪ್ರಾಚೀನ ಯಂತ್ರವೊಂದರ ಅಮೂಲ್ಯ ದಾಖಲೆಯೂ ಹೌದು. ದಕ್ಷಿಣದ ನೇಯ್ಗೆಯ ಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆ ಇದರ ಬೆಲೆ ತಿಳಿಯದಿರಲಾರದು.

ಇದಕ್ಕೆದುರಾಗಿ ಇನ್ನೊಂದು ದಾಖಲೆಯನ್ನು ಇಡುವುದು ಉಚಿತ. ಭಾರತದಲ್ಲಿ ರಚಿತವಾದ ಪಾರಸಿ ಗ್ರಂಥಗಳಲ್ಲಿ ಚರಕದ ಹಳೆಯ ಸ್ಪಷ್ಟ ಉಲ್ಲೇಖವೆಂದು ಇತಿಹಾಸಕಾರ ಇರ್ಫಾನ್ ಹಬೀಬರು ಎತ್ತಿ ತೋರಿಸಿರುವುದು ಇಸಾಮಿ ಎಂಬ ಕವಿಯ 'ಫುತೂಹುಸ್ಸಲಾತೀನ್' ಕಾವ್ಯದಲ್ಲಿ ಬರುತ್ತದೆ. 1350ರಲ್ಲಿ ಮುಗಿದ ಆ ಕಾವ್ಯಕ್ಕೆ ಆಶ್ರಯವಿತ್ತವನು ಬಹಮನಿ ರಾಜ್ಯದ ಮೊದಲನೆಯ ಸುಲ್ತಾನ. ಆತನ ರಾಜಧಾನಿ ಕಲಬುರಗಿಯು ನಮ್ಮ ಕಲ್ಯಾಣಕ್ಕೆ ದೂರದ್ದೇನಲ್ಲ. 1236ರಿಂದ 1240ರವರೆಗೆ ದಿಲ್ಲಿಯನ್ನು ಆಳಿದ ರಜಿಯಾ ಸುಲ್ತಾನಳನ್ನು ಹಳಿಯುತ್ತ ಕವಿಯು, ಹೆಣ್ಣಿಗೆ ಒಪ್ಪುವುದು ಚರಕದ ಸಂಗವೇ ಹೊರತು ಸಿಂಹಾಸನವಲ್ಲವೆಂಬ ಅಭಿಪ್ರಾಯವನ್ನು ಮುಂದಿಡುತ್ತಾನೆ. ಈ ಭಾವನೆ ಆತನೊಬ್ಬನದೆಂದಾಗಲಿ ಒಂದು ಮತದವರದೆಂದಾಗಲಿ ಹೇಳಲಾಗದು. ಹೆಣ್ಣು ಎಂದೆಂದಿಗೂ ಒಬ್ಬರಲ್ಲ ಒಬ್ಬರ ಅಧೀನದಲ್ಲಿರಬೇಕೆಂದು ವಿಧಿಸಿದ ಸ್ಮೃತಿಗಳು ನಮ್ಮಲ್ಲಿಯೂ ಇದ್ದವು.

ಎರಡು ದಾಖಲೆಗಳಲ್ಲಿಯೂ ಇರುವುದು ಅದೇ ರಾಟೆ, ಅದರ ಮುಂದೆ ಕುಳಿತವಳು ಅದೇ ಹೆಣ್ಣು. ಒಂದೆಡೆ ರಾಟೆಯು ಆಕೆಯನ್ನು ಕಟ್ಟಿಹಾಕುವ ಗೂಟವಾದರೆ ಇನ್ನೊಂದೆಡೆ ಆಕೆ ಕುಳಿತು ತ್ರಿಮೂರ್ತಿಗಳ ಲೆಕ್ಕ ಹೇಳುವ ಪೀಠವಾಗಿದೆ. ಶರಣಧರ್ಮವು ರೆಮ್ಮವ್ವೆಗೆ ಬೇರೊಂದು ಕೆಲಸವನ್ನು ಕೊಡಲಿಲ್ಲ. ಇದ್ದ ಕೆಲಸಕ್ಕೇ ಮಾತನ್ನು ಕೊಟ್ಟಿತು, ಮಾತಿಗೆ ಸಭೆಯಲ್ಲಿ ಬೆಲೆ ಕೊಟ್ಟಿತು.

ಆದರೆ ಆ ವಚನದ ಕೊನೆಯನ್ನು ಮರೆಮಾಚುವುದು ಪ್ರಾಮಾಣಿಕವಾಗಲಾರದು. ಕದಿರು ನೂಲಿನಿಂದ ತುಂಬಿದ ಮೇಲೆ ತಾನಿನ್ನು ರಾಟೆಯನ್ನು ತಿರುಗಿಸಲಾರೆನೆಂದೂ ಗಂಡನು ಹೊಡೆಯುವನೆಂದೂ ಆಕೆ ಹೇಳುತ್ತಾಳೆ. ಶರಣಸತಿ ಲಿಂಗಪತಿ ಭಾವದಲ್ಲಿ ಆ ಗಂಡನು ಪರಶಿವನೇ. ಸಾಧನೆ ಮುಗಿದ ಮೇಲೆ ಸಾಧನವನ್ನು ಬಿಡಬೇಕೆಂಬುದೇ ಇಂಗಿತವೆಂದು ಅರ್ಥೈಸಬಹುದು. ಆ ಅರ್ಥವನ್ನು ಒಪ್ಪೋಣ. ಆದರೂ ಹೋಲಿಕೆಯು ಹುಟ್ಟಿದುದು ಎಲ್ಲಿಂದ? ಗಂಡನ ಏಟಿಗೆ ಅಂಜುವ ಮನೆಗಳು ಕೇಳುಗರಿಗೆ ಪರಿಚಿತವಾಗಿದ್ದುದರಿಂದಲೇ ಆ ಮಾತು ತಟ್ಟನೆ ಅರ್ಥವಾಗಿರಬೇಕು. ಕಲ್ಯಾಣದಲ್ಲಿ ಎಲ್ಲವೂ ಸರಿಹೋಗಿತ್ತೆಂದು ಸಾರುವ ಉತ್ಸಾಹಿಗಳಿಗೆ ಸ್ವತಃ ಶರಣೆಯೇ ಹೇಳಿದ ಎಚ್ಚರಿಕೆಯ ಮಾತಿದು.

ಒನಕೆ

ಕೊಟ್ಟಣವೆಂದರೆ ಬತ್ತ ಕುಟ್ಟುವುದು. ಒರಳಿನ ಮುಂದೆ ನಿಂತು ಒನಕೆಯನ್ನೆತ್ತಿ ಹಾಕುವ ಈ ಕೆಲಸದಲ್ಲಿ ತೋಳಿನ ಬಲಕ್ಕಿಂತ ಹದದ ಅರಿವು ಮುಖ್ಯ. ಏಟು ಕಡಿಮೆಯಾದರೆ ಹೊಟ್ಟು ಬಿಡುವುದಿಲ್ಲ, ಮೀರಿದರೆ ಅಕ್ಕಿ ಮುರಿಯುತ್ತದೆ. ಸೋಮಮ್ಮನು ತನ್ನ ವಚನದಲ್ಲಿ ಹಿಡಿದಿರುವುದು ಈ ಹದವನ್ನೇ. ಹದ ತಪ್ಪಿ ಕುಟ್ಟಿದರೆ ನುಚ್ಚಾಗುವುದೇ ಹೊರತು ಅಕ್ಕಿಯಾಗದೆಂಬ ತನ್ನ ಅನುಭವದಿಂದ, ವ್ರತಹೀನರ ಸಂಗದಿಂದ ಮುಕ್ತಿಯಿಲ್ಲವೆಂಬ ತೀರ್ಮಾನಕ್ಕೆ ಆಕೆ ಬರುತ್ತಾಳೆ. ಶಾಸ್ತ್ರವನ್ನು ಉದ್ಧರಿಸದೆ ಒರಳನ್ನೇ ಪ್ರಮಾಣವಾಗಿ ಮುಂದಿಟ್ಟ ಧೈರ್ಯ ಸಾಮಾನ್ಯವಾದುದಲ್ಲ. ದಿನವೂ ಕುಟ್ಟಿದ ಕೈಗೆ ತಿಳಿದುದು ಕೂಡ ತಿಳಿವೇ ಎಂಬ ನಂಬಿಕೆ ಅದರ ಹಿಂದಿದೆ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವು ಎಲ್ಲರಿಗೂ ತಿಳಿದದ್ದೇ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳಲ್ಲಿ ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ತಂದಲ್ಲಿಯೇ ಚೆಲ್ಲಿ ಬರುವಂತೆ ಹೇಳಿದಳು. ನಾವು ಇದನ್ನು ಸಾಮಾನ್ಯವಾಗಿ ನಿರಾಶೆಯ ನಿದರ್ಶನವಾಗಿ ಬೋಧಿಸುತ್ತೇವೆ. ಆದರೆ ಇದರಲ್ಲಿ ಇನ್ನೊಂದು ಸಂಗತಿಯಿದೆ. ಎಷ್ಟು ಬೇಕು, ಎಷ್ಟು ಸಾಕು ಎಂಬುದನ್ನು ನಿರ್ಣಯಿಸಿದವಳು ಹೆಂಡತಿ. ಆ ನಿರ್ಣಯಕ್ಕೆ ತಲೆಬಾಗಿ ಹಿಂದಿರುಗಿದವನು ಗಂಡ. ಮೊರದಲ್ಲಿನ ಅಕ್ಕಿಯ ಅಳತೆ ಹೆಣ್ಣಿಗಲ್ಲದೆ ಮತ್ತಾರಿಗೆ ಚೆನ್ನಾಗಿ ತಿಳಿದೀತು? ಅಡುಗೆಮನೆಯ ಆ ತಿಳಿವಳಿಕೆ ಇಲ್ಲಿ ಧರ್ಮನಿರ್ಣಯವಾಯಿತು. ಶೂನ್ಯಸಂಪಾದನೆಯ ಕರ್ತೃಗಳು ಈ ದಂಪತಿಗಳ ಸಂವಾದಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದ್ದಾರೆ. ಲಂಚಕ್ಕೆ ಕೈಯೊಡ್ಡೆನೆಂದೂ ದಾರಿಯಲ್ಲಿ ಬಿದ್ದ ಹೊನ್ನನ್ನು ಮುಟ್ಟೆನೆಂದೂ ಭಾಷೆಗೈದ ಸತ್ಯಕ್ಕನೂ ಇದೇ ಸಾಲಿಗೆ ಸೇರಿದವಳು. ದುಡಿಮೆಯ ಫಲದ ಮೇಲೆ ತನ್ನ ಮಾತು ನಡೆಯುವುದರಿಂದ ಹೆಣ್ಣಿನ ಬಾಳಿಗೆ ಬರುವ ನೆಮ್ಮದಿಯನ್ನು ಒಡವೆ ವಸ್ತ್ರಗಳು ತರಲಾರವು.

ಕರಸ್ಥಲ

ಈ ದಿನಚರಿಗೆಲ್ಲ ನಡುಗಂಬವಾಗಿದ್ದುದು ಇಷ್ಟಲಿಂಗ. ಹೆಣ್ಣಿಗೂ ಗಂಡಿಗೂ ಒಂದೇ ದೀಕ್ಷೆ, ಒಂದೇ ಲಿಂಗ. ಪೂಜೆಗೆ ಪುರೋಹಿತನು ಬೇಡ, ಗಂಡನ ಮೂಲಕ ಪಡೆಯುವ ಪುಣ್ಯದ ಪಾಲೂ ಬೇಡ. ತನ್ನ ಅಂಗೈಯೊಳಗಿನ ದೇವರಿಗೆ ತಾನೇ ಪೂಜಾರಿಣಿ. ಕಾಯಿ ಹೂವು ಹಿಡಿದು ಗರ್ಭಗುಡಿಯ ಹೊರಗೆ ನಿಂತು ಅಭ್ಯಾಸವಾಗಿದ್ದ ಹೆಣ್ಣಿಗೆ ಇದೆಂತಹ ಬದಲಾವಣೆಯೆಂಬುದನ್ನು ನಾವು ಇಂದು ಊಹಿಸಿಕೊಳ್ಳಬೇಕು.

ಲಿಂಗವಂತರಿಗೆ ಪಂಚಸೂತಕಗಳಿಲ್ಲವೆಂಬ ನಿಲುವಿನ ನಿಜವಾದ ಭಾರ ತಿಳಿಯುವುದೂ ಇಲ್ಲಿಯೇ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದರಲ್ಲಿ ಗಂಡಸನ್ನು ಎಂದೂ ತಾಕದೆ, ಹರೆಯದ ಹೆಣ್ಣನ್ನು ತಿಂಗಳು ತಿಂಗಳೂ ಹೊರಗಿರಿಸುವ ಸೂತಕ ಒಂದೇ ಒಂದು. ಬಾಣಂತಿಯನ್ನು ದೂರವಿಡುವ ಜನನಸೂತಕದ ಹೊರೆಯೂ ಹೆಚ್ಚಾಗಿ ಆಕೆಯದೇ. ಅವು ಇಲ್ಲವೆಂದೊಡನೆ ಆಕೆಯ ವರ್ಷಕ್ಕೆ ಎಷ್ಟು ದಿನಗಳು ಮರಳಿ ಬಂದವು! ಆ ದಿನಗಳಲ್ಲಿಯೂ ಆಕೆ ಲಿಂಗವನ್ನು ಪೂಜಿಸಬಹುದು, ಕಾಯಕ ಮಾಡಬಹುದು, ಜಂಗಮಕ್ಕೆ ನೀಡಬಹುದು. ತನ್ನ ದೇಹ ಮೈಲಿಗೆಯೆಂಬ ಕೀಳರಿಮೆ ಮನಸ್ಸಿನಿಂದ ತೊಲಗುವುದೇ ಒಂದು ದೊಡ್ಡ ಆರೋಗ್ಯ. ಸ್ತನ ಮುಡಿಗಳಿಂದ ಹೆಣ್ಣೆಂದೂ ಮೀಸೆ ಕಾಸೆಗಳಿಂದ ಗಂಡೆಂದೂ ಜನರು ಕರೆಯುವರಲ್ಲದೆ, ಒಳಗಿನ ಜ್ಞಾನವು ಹೆಣ್ಣೋ ಗಂಡೋ ಎಂದು ಧೂಪದ ಗೊಗ್ಗವ್ವೆಯು ಕೇಳುವ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿಟ್ಟು ಓದಬೇಕು. ಮದುವೆಯನ್ನೊಲ್ಲದೆ ಧೂಪದ ಕಾಯಕವನ್ನು ಹಿಡಿದವಳೆಂದು ಸಂಪ್ರದಾಯವು ಆಕೆಯನ್ನು ಸ್ಮರಿಸುತ್ತದೆ.

ನಮ್ಮ ಮನೆಗಳಲ್ಲಿ

ಈಗ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾನು ಬಹುಕಾಲ ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನು. ಹಾಜರಿ ಪುಸ್ತಕದಲ್ಲಿ ಕೆಲವು ಹುಡುಗಿಯರ ಹೆಸರಿನ ಮುಂದೆ ತಿಂಗಳಿಗೊಮ್ಮೆ ಮೂರು ನಾಲ್ಕು ದಿನ ಸಾಲಾಗಿ ಗೈರುಹಾಜರಿಯ ಗುರುತು ಬೀಳುತ್ತಿತ್ತು. ಕಾರಣ ಎಲ್ಲರಿಗೂ ಗೊತ್ತು, ಯಾರೂ ಕೇಳುತ್ತಿರಲಿಲ್ಲ. ಅವರಲ್ಲಿ ಕೊರಳಲ್ಲಿ ಲಿಂಗ ಧರಿಸಿದ ಮನೆತನದವರೂ ಇದ್ದರು. ಒಮ್ಮೆ ವಚನಸಾಹಿತ್ಯದ ಪಾಠ ಹೇಳುತ್ತ ಪಂಚಸೂತಕ ನಿರಾಕರಣೆಯನ್ನು ಬಹಳ ಉತ್ಸಾಹದಿಂದ ವಿವರಿಸಿದೆ. ಪಾಠ ಮುಗಿದ ಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, "ಹಂಗಾದ್ರ ನಮ್ಮನಿಯಾಗ ನನ್ನ ಹೊರಗ ಯಾಕ ಕೂಡಸ್ತಾರ್ರಿ, ಸರ?" ಎಂದು ಕೇಳಿದಳು. ತರಗತಿ ನಕ್ಕಿತು. ನಾನು ಗದರಿ ಕೂರಿಸಿದೆ. ಮುಂದೆ ಓದಿನಲ್ಲಿ ಅನೇಕ ಸಲ ಆ ಪ್ರಶ್ನೆ ನನಗೆ ಎದುರಾಗಿದೆ. ಗೊಗ್ಗವ್ವೆಯ ಪ್ರಶ್ನೆಗೆ ಟಿಪ್ಪಣಿ ಬರೆಯಬಲ್ಲ ನಾನು ಆ ಮಗುವಿನ ಪ್ರಶ್ನೆಗೆ ಉತ್ತರ ಹೇಳದೆ ಹೋದೆ. ಎರಡೂ ಒಂದೇ ಪ್ರಶ್ನೆಯೆಂಬುದು ಅಂದು ನನಗೆ ಹೊಳೆಯಲಿಲ್ಲ.

ಆದುದರಿಂದ ಶರಣೆಯರ ಸಮಾನತೆಯನ್ನು ಕುರಿತು ಮಾತನಾಡುವಾಗ ಅನುಭವಮಂಟಪದ ವೈಭವವೊಂದನ್ನೇ ಬಣ್ಣಿಸಿದರೆ ಸಾಲದು. ಆ ಸಮಾನತೆ ನೆಲೆಗೊಂಡಿದ್ದುದು ಮೂರು ಸಣ್ಣ ವ್ಯವಸ್ಥೆಗಳಲ್ಲಿ: ಮಾಡುವ ಕೆಲಸಕ್ಕೆ ಗೌರವ, ದುಡಿದುದರ ಮೇಲೆ ಮಾತು, ತನ್ನ ದೇಹದಲ್ಲಿ ಮೈಲಿಗೆಯಿಲ್ಲವೆಂಬ ಭರವಸೆ. ಇವು ಪೂರ್ಣವಾಗಿ ಕೈಗೂಡಿರಲಿಲ್ಲವೆಂಬುದಕ್ಕೆ ರೆಮ್ಮವ್ವೆಯ ಕೊನೆಯ ಸಾಲೇ ಸಾಕ್ಷಿ. ಆದರೆ ದಾರಿ ಯಾವುದೆಂಬುದು ಆಗಲೇ ನಿಶ್ಚಯವಾಗಿತ್ತು.

ಓದುಗರಲ್ಲಿ ಒಂದು ಬಿನ್ನಹ. ಶರಣೆಯರ ಜಯಂತಿಗಳನ್ನು ಆಚರಿಸುವ ನಮ್ಮ ಮನೆಗಳಲ್ಲಿ ಈ ತಿಂಗಳು ಯಾವ ಮಗಳೂ ಸೊಸೆಯೂ ಮೂರು ದಿನ ಮೂಲೆಯಲ್ಲಿ ಕೂರದಿರಲಿ, ಅವಳ ಅಂಗೈಯ ಲಿಂಗಪೂಜೆ ಒಂದು ದಿನವೂ ನಿಲ್ಲದಿರಲಿ. ರಾಟೆಯ ಮುಂದೆ ಕುಳಿತು ಮಾತನಾಡಿದ ಆ ತಾಯಿಗೆ ನಾವು ಸಲ್ಲಿಸಬಹುದಾದ ಶರಣಾರ್ಥಿ ಇದೇ.