ನಾಡಿಯೇ, ಉಸಿರೇ?

ಕಮರ್ಷಿಯಲ್ ಸ್ಟ್ರೀಟಿಗೆ ಜವಳಿ ಕೊಳ್ಳಲು ಹೋಗುವ ನಾವು, ಅದರ ಸಮೀಪದಲ್ಲೇ ಇರುವ ಬೌರಿಂಗ್ ಆಸ್ಪತ್ರೆಯ ವಯಸ್ಸನ್ನು ಎಂದಾದರೂ ಎಣಿಸಿದ್ದೇವೆಯೇ? ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗರ ಹೆಸರು ಹೊತ್ತು, ಬೆಂಗಳೂರು ದಂಡಿನ ಜನರಿಗಾಗಿ ಅದು 1868ರಲ್ಲಿ ಬಾಗಿಲು ತೆರೆಯಿತು. ಬಾಸ್ಟನ್ನಿನಲ್ಲಿ ಈಥರಿನ ಗುಣ ಲೋಕಕ್ಕೆ ತಿಳಿದು ಆಗ್ಗೆ 22 ವರ್ಷ, ಎಡಿನ್‌ಬರೋದಲ್ಲಿ ಕ್ಲೋರೋಫಾರಂ ಬಳಕೆಗೆ ಬಂದು 21 ವರ್ಷ. ಕತ್ತಿಯ ನೋವು ತೊಲಗಿತ್ತು; ಹೊಸದೊಂದು ಭಯ ಹುಟ್ಟಿತ್ತು. ಮದ್ದಿನಿಂದ ಮೈಮರೆತವರಲ್ಲಿ ಕೆಲವರು ಮರಳಿ ಏಳಲಿಲ್ಲ. ಮೊದಲು ನಿಂತದ್ದು ಅವರ ಉಸಿರೇ, ಹೃದಯವೇ?

ಈ ವಾದ ಬಿಸಿಯೇರಿದ್ದು ನಮ್ಮ ನೆರೆಯಲ್ಲಿ. ಬೀದರ್, ಕಲಬುರ್ಗಿ, ರಾಯಚೂರುಗಳೂ ಅಂದು ಸೇರಿದ್ದ ನಿಜಾಮರ ಸಂಸ್ಥಾನದಲ್ಲಿ. ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿಯವರು 1888ರಲ್ಲಿ ಕ್ಲೋರೋಫಾರಂ ಆಯೋಗವನ್ನು ಕೂಡಿಸಿ, ಉಸಿರನ್ನು ಕಾದರೆ ಸಾಕು, ನಾಡಿಯ ಚಿಂತೆ ಬೇಡವೆಂದು ಸಾಧಿಸಿದರು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಒಪ್ಪಲಿಲ್ಲ. ನಿಜಾಮ ಮಹಬೂಬ್ ಅಲಿ ಖಾನರು 1000 ಪೌಂಡು ನೀಡಿ, 1889ರಲ್ಲಿ ಲಾಡರ್ ಬ್ರಂಟನ್ ಎಂಬ ವೈದ್ಯರನ್ನು ಅಲ್ಲಿಂದ ಕರೆಸಿದರು. ನೂರಾರು ಪ್ರಾಣಿಗಳ ಮೇಲೆ ಪರೀಕ್ಷೆ ನಡೆದು, ತೀರ್ಪು ಮತ್ತೆ ಉಸಿರಿನ ಕಡೆಗೇ ವಾಲಿತು. ಆದರೆ 1911ರಲ್ಲಿ ಗುಡ್‌ಮನ್ ಲೆವಿಯವರು, ತೆಳುವಾಗಿ ಕೊಟ್ಟ ಕ್ಲೋರೋಫಾರಮ್ಮಿನಿಂದಲೂ ಹೃದಯವು ಬಡಿತ ಕೆಟ್ಟು, ಬರಿದೆ ಕಂಪಿಸಿ ನಿಂತುಹೋಗಬಲ್ಲದೆಂದು ಬೆಕ್ಕುಗಳಲ್ಲಿ ತೋರಿಸಿದರು. ಉಸಿರನ್ನೂ ಕಾಯಬೇಕು, ಹೃದಯವನ್ನೂ ಕಾಯಬೇಕು ಎಂಬುದು ಹೀಗೆ ಸ್ಥಿರವಾಯಿತು.

ಕ್ಲೋರೋಫಾರಂ ಮೂಲೆ ಸೇರಿತು. ಪ್ರಶ್ನೆ ಮಾತ್ರ ಸೂಕ್ಷ್ಮವಾಯಿತು. ಹೃದಯದ ಕವಾಟ ಕೆಟ್ಟವರಿಗೆ ತೊಡೆಮೂಳೆಯ ಶಸ್ತ್ರಚಿಕಿತ್ಸೆ ಬೇಕಾಯಿತೆನ್ನಿ. ಇಂದಿನ ಅರಿವಳಿಕೆ ವೈದ್ಯರು ಮದ್ದಿಗೆ ಮೊದಲು ಕವಾಟವನ್ನು ವಿಚಾರಿಸುತ್ತಾರೆ: ಯಾವುದು ಕೆಟ್ಟಿದೆ? ಕಿರಿದಾಗಿದೆಯೇ, ಸೋರುತ್ತಿದೆಯೇ? ಮಹಾಪಧಮನಿಯ ಕವಾಟ ಬಹಳ ಕಿರಿದಾದವರಿಗೆ ರಕ್ತದೊತ್ತಡ ತಟ್ಟನೆ ಕುಸಿದರೆ ಹೃದಯದ ಸ್ನಾಯುವಿಗೇ ರಕ್ತ ಸಾಲದು. ಆದಕಾರಣ ಬೆನ್ನುಹುರಿಯ ಬಳಿ ಒಮ್ಮೆಗೇ ಪೂರ್ತಿ ಮದ್ದು ಚುಚ್ಚಲು ಹಿಂಜರಿಯುತ್ತಾರೆ. ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾರೆ, ಇಲ್ಲವೆ ಒತ್ತಡವನ್ನು ಕ್ಷಣಕ್ಷಣವೂ ಅಳೆಯುತ್ತ ಪೂರ್ಣ ನಿದ್ರೆ ಬರಿಸುತ್ತಾರೆ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಣ ಕವಾಟ ಕಿರಿದಾಗಿದ್ದರೆ ನಾಡಿ ಓಡಬಾರದು. ಕಿರುಬಾಗಿಲಲ್ಲಿ ರಕ್ತ ಇಳಿಯಲು ಸಮಯ ಬೇಕು. ಸೋರುವ ಕವಾಟದವರಲ್ಲಿಯಾದರೋ ನಾಡಿ ತೀರ ನಿಧಾನಿಸಬಾರದು. ರಕ್ತನಾಳಗಳು ತುಸು ಸಡಿಲವಾದರೆ ಅವರಿಗೆ ಅನುಕೂಲವೇ. ಒಬ್ಬರಿಗೆ ಅಮೃತವಾದದ್ದು ಇನ್ನೊಬ್ಬರಿಗೆ ವಿಷವಾಗಬಹುದು.

ಆದ್ದರಿಂದ ವಾಚಕರೇ, ನಿಮ್ಮ ಮನೆಯವರು ಯಾರೇ ಶಸ್ತ್ರಚಿಕಿತ್ಸೆಗೆ ಹೋಗಲಿ, ಬಾಲ್ಯದಲ್ಲಿ ಬಂದ ಕೀಲುನೋವಿನ ಜ್ವರ, ಮೆಟ್ಟಿಲೇರಿದಾಗಿನ ಏದುಸಿರು, ಹಿಂದೆ ವೈದ್ಯರು ಎದೆಯಲ್ಲಿ ಕೇಳಿದ ಮರ್ಮರ ಶಬ್ದ, ಈಗ ನುಂಗುತ್ತಿರುವ ಮಾತ್ರೆ—ಇವುಗಳಲ್ಲಿ ಒಂದನ್ನೂ ಮುಚ್ಚಿಡಬೇಡಿ. ಮದ್ದನ್ನು ಆರಿಸುವ ಹೊಣೆ ವೈದ್ಯರದು. ಅವರಿಗೆ ಎಲ್ಲವನ್ನೂ ತಿಳಿಸುವ ಹೊಣೆ ನಮ್ಮದು.