ನಾಲಂದದ ಹಾಸ್ಟೆಲಿನಲ್ಲೊಬ್ಬ ಚೀನೀಯ

ಚೀನೀ ಯಾತ್ರಿಕ ಎಂದೊಡನೆ ನಮ್ಮ ಪಠ್ಯಪುಸ್ತಕಗಳಿಗೆ ನೆನಪಾಗುವವನು ಹ್ಯೂಯೆನ್ ತ್ಸಾಂಗ್. ಆದರೆ ಆತ ನಾಲಂದದಲ್ಲಿದ್ದದ್ದು ರಾಜೋಪಚಾರದಲ್ಲಿ. ದಿನಕ್ಕೆ 120 ಜಂಬೀರ ಹಣ್ಣು, 20 ಅಡಿಕೆ, ಕರ್ಪೂರ, ಘಮಘಮಿಸುವ ಮಹಾಶಾಲಿ ಅಕ್ಕಿ. ಹೊರಗೆ ಹೊರಟರೆ ಆನೆ. ಇಂಥ ಅತಿಥಿಯನ್ನು ಹಾಸ್ಟೆಲಿನ ಬದುಕಿನ ಬಗ್ಗೆ ಕೇಳಿ ಏನು ಫಲ? ಅದಕ್ಕೆ ತಕ್ಕವನು ಸುಮಾರು ನಲವತ್ತು ವರ್ಷ ತಡವಾಗಿ ಬಂದ ಇತ್ಸಿಂಗ್.

ಇತ್ಸಿಂಗ್ 671ರಲ್ಲಿ ಗುವಾಂಗ್‌ಝೌ ಬಂದರಿನಿಂದ ಪರ್ಷಿಯನ್ನರ ಹಡಗು ಹತ್ತಿದ. ವಯಸ್ಸು ಮೂವತ್ತೈದು ದಾಟಿತ್ತು. ಸುಮಾತ್ರಾದ ಶ್ರೀವಿಜಯದಲ್ಲಿ ಇಳಿದು ಆರು ತಿಂಗಳು ಸಂಸ್ಕೃತ ವ್ಯಾಕರಣ ಕಲಿತ. 673ರಲ್ಲಿ ಬಂಗಾಳದ ತಾಮ್ರಲಿಪ್ತಿ ತಲುಪಿ, ಅಲ್ಲೂ ಒಂದು ವರ್ಷ ಭಾಷೆ ತಿದ್ದಿಕೊಂಡ. ಅಲ್ಲಿಂದ ಮಗಧದ ಕಡೆ ನಡೆಯುವಾಗ ಕಾಯಿಲೆ ಬಿದ್ದು ಜೊತೆಗಾರರಿಂದ ಹಿಂದುಳಿದವನನ್ನು ಕಳ್ಳರು ಮುತ್ತಿ ಉಟ್ಟ ಬಟ್ಟೆಯನ್ನೂ ಕಿತ್ತುಕೊಂಡರು. ಬಿಳಿ ಮೈಯವರನ್ನು ಹಿಡಿದು ದೇವರಿಗೆ ಬಲಿ ಕೊಡುತ್ತಾರೆಂಬ ಮಾತು ಕಿವಿಗೆ ಬಿದ್ದಿತ್ತು. ಬಡಪಾಯಿ ಕೆಸರಲ್ಲಿ ಹೊರಳಿ, ಸೊಪ್ಪು ಸುತ್ತಿಕೊಂಡು ಮುಂದೆ ನಡೆದ.

ನಾಲಂದದಲ್ಲಿ ಹತ್ತು ವರ್ಷ ಓದಿದ. ಆಗ ಅಲ್ಲಿ ಎಂಟು ದೊಡ್ಡ ಶಾಲೆಗಳು, ಮುನ್ನೂರು ಕೋಣೆಗಳು, ಮೂರು ಸಾವಿರಕ್ಕೂ ಮೀರಿದ ಭಿಕ್ಷುಗಳು. ಖರ್ಚಿಗೆ ರಾಜರು ತಲೆತಲಾಂತರದಿಂದ ಬಿಟ್ಟುಕೊಟ್ಟ ಇನ್ನೂರಕ್ಕೂ ಹೆಚ್ಚು ಹಳ್ಳಿಗಳು. ಇತ್ಸಿಂಗ್ ಇವನ್ನು ಬರೆದಿಟ್ಟಿದ್ದಾನೆ ನಿಜ, ಆದರೆ ಅವನ ಲೇಖನಿ ಲವಲವಿಕೆಯಿಂದ ಓಡುವುದು ಸ್ನಾನ, ಊಟ, ಗಂಟೆಗಳ ವಿಚಾರಕ್ಕೆ ಬಂದಾಗ.

ಬೆಳಗಾದರೆ ಜಾಗಟೆ. ಮಠದ ಸುತ್ತ ಹತ್ತಕ್ಕೂ ಹೆಚ್ಚು ಕೆರೆಗಳು. ಒಮ್ಮೆ ನೂರು, ಒಮ್ಮೆ ಸಾವಿರ ಜನ ಸ್ನಾನದ ವಸ್ತ್ರ ಹಿಡಿದು ಸಾಲಾಗಿ ಹೊರಡುತ್ತಿದ್ದರು. ಸ್ನಾನ ಹಸಿದ ಹೊಟ್ಟೆಯಲ್ಲೇ ಆಗಬೇಕು, ಉಂಡ ಮೇಲಲ್ಲ ಎಂದು ಆತ ಒತ್ತಿ ಹೇಳುತ್ತಾನೆ. ನಮ್ಮ ಅಜ್ಜಿಯರು ಒಪ್ಪುವ ಮಾತು. ಹಲ್ಲುಕಡ್ಡಿಯನ್ನು ಹೇಗೆ ಜಗಿಯಬೇಕು, ಎಷ್ಟು ಉದ್ದವಿರಬೇಕು ಎಂಬುದಕ್ಕಂತೂ ಒಂದು ಅಧ್ಯಾಯವನ್ನೇ ಮೀಸಲಿಟ್ಟ.

ಹೊತ್ತು ಹೇಳುತ್ತಿದ್ದುದು ಗಳಿಗೆ ಬಟ್ಟಲು. ನೀರು ತುಂಬಿದ ತಾಮ್ರದ ಪಾತ್ರೆಯಲ್ಲಿ ತೇಲುವ ಬಟ್ಟಲಿನ ತಳಕ್ಕೆ ಸೂಜಿಮೊನೆಯಷ್ಟು ತೂತು. ನೀರು ತುಂಬಿ ಮುಳುಗಿದಾಗಲೆಲ್ಲ ಡೋಲಿಗೆ ಪೆಟ್ಟು. ಮೊದಲ ಸಲ ಒಂದು, ಎರಡನೆಯದಕ್ಕೆ ಎರಡು, ಹೀಗೆ ನಾಲ್ಕರವರೆಗೆ. ಆಮೇಲೆ ಎರಡು ಸಲ ಶಂಖ, ಮತ್ತೊಂದು ಪೆಟ್ಟು. ಈ ನಾಲ್ಕರ ಸುತ್ತು ಎರಡು ಸಲ ಮುಗಿದರೆ ನಡುಮಧ್ಯಾಹ್ನ. ಅದರ ಮೇಲೆ ತುತ್ತು ಬಾಯಿಗಿಟ್ಟವನು ಸಿಕ್ಕಿಬಿದ್ದರೆ ಮಠದಿಂದ ಹೊರಕ್ಕೆ. ಮೆಸ್ ಮುಚ್ಚುವ ಹೊತ್ತಿಗೆ ಓಡಿಬರುವ ಇಂದಿನವರ ಪಾಡು ಎಷ್ಟೋ ವಾಸಿ.

ಗೃಹಸ್ಥರು ಊಟಕ್ಕೆ ಕರೆದರೆ ಸಗಣಿ ಸಾರಿಸಿದ ನೆಲ, ಅದರ ಮೇಲೆ ಹಸಿರೆಲೆ, ಒಬ್ಬರಿಗೊಬ್ಬರು ತಾಗದಂತೆ ಒಂದು ಮೊಳ ದೂರಕ್ಕಿಟ್ಟ ಪುಟ್ಟ ಪೀಠಗಳು. ಮೊದಲು ಬಡಿಸುವುದು ಶುಂಠಿ ಮತ್ತು ಉಪ್ಪು. ಆಮೇಲೆ ಅನ್ನ, ಬೇಳೆಯ ಸಾರು, ಬಿಸಿ ತುಪ್ಪ. ಚಾಪ್‌ಸ್ಟಿಕ್ ಇಲ್ಲ, ಬಲಗೈಯಲ್ಲೇ ಕಲಸಿಕೊಳ್ಳಬೇಕು. ಚೀನಾದಲ್ಲಿ ಮೀನು, ತರಕಾರಿಗಳನ್ನು ಬಹುಪಾಲು ಹಸಿಯಾಗಿಯೇ ತಿನ್ನುತ್ತಾರೆ, ಇಲ್ಲಿ ಚೆನ್ನಾಗಿ ಬೇಯಿಸಿ ಇಂಗು, ತುಪ್ಪ ಬೆರೆಸುತ್ತಾರೆ ಎಂದು ಹೋಲಿಸಿ, ಇಲ್ಲಿಯವರ ಪರವಾಗಿಯೇ ತೀರ್ಪು ಕೊಟ್ಟ. ಮದ್ದಿನ ವಿಷಯದಲ್ಲಿ ಮಾತ್ರ ತವರನ್ನು ಬಿಡಲಿಲ್ಲ: ಪರದೇಶದಲ್ಲಿ ಇಪ್ಪತ್ತು ವರ್ಷ ತನ್ನನ್ನು ಕಾಪಾಡಿದ್ದು ಚಹಾ ಮತ್ತು ಜಿನ್‌ಸೆಂಗ್ ಕಷಾಯ ಎಂದಿದ್ದಾನೆ.

ಇನ್ನು ಓದು. ಇಲ್ಲಿನ ಎಂಟು ವರ್ಷದ ಮಕ್ಕಳು ಪಾಣಿನಿಯ ಸೂತ್ರಗಳನ್ನು ಎಂಟು ತಿಂಗಳಲ್ಲಿ ಬಾಯಿಪಾಠ ಮಾಡುತ್ತಾರೆ. ಹದಿನೈದಕ್ಕೆ ಆ ಸೂತ್ರಗಳ ವ್ಯಾಖ್ಯಾನವಾದ ಕಾಶಿಕಾವೃತ್ತಿ ಹಿಡಿದರೆ ಅರ್ಥವಾಗಲು ಐದು ವರ್ಷ ಬೇಕು. ಪತಂಜಲಿಗೆ ಮತ್ತೆ ಮೂರು. ನಡುವಯಸ್ಸಿನಲ್ಲಿ ಬಂದ ಚೀನೀಯನಿಗೆ ಇದು ಹೇಗೆ ಕಂಡಿರಬೇಡ! ಭಾರತಕ್ಕೆ ಓದಲು ಬರುವವರು ಮೊದಲು ವ್ಯಾಕರಣ ಗಟ್ಟಿ ಮಾಡಿಕೊಳ್ಳಲಿ, ಇಲ್ಲವಾದರೆ ಪಟ್ಟ ಪಾಡೆಲ್ಲ ದಂಡ ಎಂಬುದು ತನ್ನ ದೇಶದವರಿಗೆ ಆತನ ಎಚ್ಚರಿಕೆ. ಅದಕ್ಕೇ ಶ್ರೀವಿಜಯದಲ್ಲಿ ಒಂದೆರಡು ವರ್ಷ ನಿಂತು ತಯಾರಾಗಿ ಎಂದೂ ಸೂಚಿಸಿದ.

ತನ್ನಂತೆ ಬಂದ ಐವತ್ತಕ್ಕೂ ಹೆಚ್ಚು ಭಿಕ್ಷುಗಳ ಜೀವನವನ್ನು ಆತ ಮತ್ತೊಂದು ಪುಸ್ತಕದಲ್ಲಿ ಬರೆದಿಟ್ಟ. ಅವರಲ್ಲಿ ಕೊರಿಯಾದವರೂ ಇದ್ದರು. ಎಷ್ಟೋ ಮಂದಿ ದಾರಿಯಲ್ಲಿ, ಹಡಗಿನಲ್ಲಿ, ನಾಲಂದದಲ್ಲೇ ತೀರಿಕೊಂಡರು.

ಇತ್ಸಿಂಗ್ ಸುಮಾರು 400 ಗ್ರಂಥಗಳ ಹೊರೆಯೊಂದಿಗೆ ಶ್ರೀವಿಜಯಕ್ಕೆ ಮರಳಿ ಅನುವಾದಕ್ಕೆ ಕುಳಿತ. ಕಾಗದ, ಮಸಿ ಮುಗಿಯಿತು. 689ರಲ್ಲಿ, ಅವನ್ನು ಕಳಿಸಿರೆಂದು ಚೀನಾಕ್ಕೆ ಪತ್ರ ಕೊಡಲು ಹಡಗು ಹತ್ತಿದ. ಅಷ್ಟರಲ್ಲಿ ಗಾಳಿ ಕೂಡಿಬಂದು ಹಾಯಿ ಏರಿತು, ಇಳಿಯಲು ಆಗಲಿಲ್ಲ. ಗ್ರಂಥಗಳೆಲ್ಲ ದ್ವೀಪದಲ್ಲಿ, ಪಂಡಿತ ಗುವಾಂಗ್‌ಝೌನಲ್ಲಿ! ಅದೇ ವರ್ಷ ಸಹಾಯಕರನ್ನು ಕರೆದುಕೊಂಡು ಮತ್ತೆ ಹಡಗು ಹತ್ತಿದ. 695ರಲ್ಲಿ ಆತ ಗ್ರಂಥಗಳೊಂದಿಗೆ ಲುವೊಯಾಂಗ್ ತಲುಪಿದಾಗ ಸಾಮ್ರಾಜ್ಞಿ ವು ತಾನೇ ಬಂದು ಎದುರುಗೊಂಡಳು.