ಹೊಂಬುಜದ ಚಟ್ಟಲದೇವಿ ಮತ್ತು ಡಾಂಟೆಯ ಬಿಯಾಟ್ರಿಸ್

1290ರಲ್ಲಿ ಮಡಿದ ಫ್ಲಾರೆನ್ಸಿನ ಬಿಯಾಟ್ರಿಸಳನ್ನು ಇಟಲಿಯ ಮಹಾಕವಿ ಡಾಂಟೆ ಮೊದಲು ಪ್ರೇಮಮೂರ್ತಿಯಾಗಿ, ಬಳಿಕ ಸ್ವರ್ಗದ ಮಾರ್ಗದರ್ಶಿನಿಯಾಗಿ ಚಿತ್ರಿಸಿದನು. ಅಲ್ಲಿ ಸ್ತ್ರೀ ಸ್ಮರಣೆಗೆ ಪಾತ್ರಳಾದವಳು, ಶೋಕಿಸುವವನು ಕವಿ.

ಅದಕ್ಕೂ ಎರಡು ಶತಮಾನ ಮೊದಲೇ, ಹೊಸನಗರ ತಾಲ್ಲೂಕಿನ ಹೊಂಬುಜದ ಶಾಸನಕಾವ್ಯದಲ್ಲಿ ಸ್ಮರಿಸುವವಳೇ ಸ್ತ್ರೀ. ಅಗಲಿದ ತಾಯ್ತಂದೆಯರು, ಸೋದರಿ ಬೀರಲದೇವಿ, ಸೋದರ ರಾಜಾದಿತ್ಯ ಇವರ ಪರೋಕ್ಷವಿನಯಕ್ಕಾಗಿ ಚಟ್ಟಲದೇವಿಯು 1077ರಲ್ಲಿ ಪಂಚಕೂಟ ಬಸದಿಯನ್ನು ಕಟ್ಟಿಸಿದಳು. ಸೋದರಿಯ ನಾಲ್ವರು ಮಕ್ಕಳನ್ನು ತನ್ನವರೆಂದೇ ಸಲಹಿದಳು. 1147ರ ಶಾಸನವು ಸಾಂತರ ಕುಲದ ಪಂಪಾದೇವಿಯನ್ನು ಅತ್ತಿಮಬ್ಬೆಗೆ ಹೋಲಿಸುತ್ತದೆ. ಮಹಾಭಿಷೇಕ, ಚತುರ್ಭಕ್ತಿ ಮೊದಲಾದವು ಆಕೆಯ ರಚನೆಗಳೆಂದು ವಿದ್ವಾಂಸರು ಗುರುತಿಸಿದ್ದಾರೆ.

ಇವರೆಲ್ಲರೂ ಅರಸುಮನೆತನದವರು, ಬಸದಿಗೆ ಕಲ್ಲು ಹೊತ್ತ ಹೆಣ್ಣಿನ ಹೆಸರು ಶಾಸನದಲ್ಲಿಲ್ಲ. ಆದರೂ ಹೊಗಳಿಕೆಯ ಉತ್ಪ್ರೇಕ್ಷೆಯನ್ನು ಕಳೆದ ಮೇಲೆ ಇಲ್ಲಿ ಕಾರ್ಯವೊಂದು ಉಳಿಯುತ್ತದೆ: ಚಟ್ಟಲದೇವಿಯ ಶೋಕ ಬಸದಿಯಾಗಿ ಇಂದಿಗೂ ನಿಂತಿದೆ.